ಫಾರ್ಮ್‌ನಲ್ಲಿ ಹಾಕಿದ ಫೈಲ್ ಎಲ್ಲಿ ಹೋಯಿತು? ಅರ್ಜಿ, ಫೋಟೊ, ಪಿಡಿಎಫ್‌ಗಳನ್ನು ಸರ್ವರ್‌ನಲ್ಲಿ ತೆಗೆದುಕೊಳ್ಳುವ ಕ್ರಮ

"ಸಬ್ಮಿಟ್ ಆಗುತ್ತೆ, ಆದರೆ ಫೈಲ್ ಬರೋದೇ ಇಲ್ಲ." ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಇನ್ನರ್ಧ, "ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿತ್ತು, ಹೋಸ್ಟಿಂಗ್‌ಗೆ ಹಾಕಿದ ಮೇಲೆ ಕೆಟ್ಟಿತು" ಅನ್ನುವುದು. ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಂಘ ಸ್ಕಾಲರ್‌ಶಿಪ್‌ಗೆ ಅರ್ಜಿ ಕರೆದಿದೆ. ಫಾರ್ಮ್‌ನಲ್ಲಿ ಹೆಸರು, ಮೊಬೈಲ್ ನಂಬರ್, ಒಂದು ಫೋಟೊ, ಮಾರ್ಕ್ಸ್ ಕಾರ್ಡ್‌ನ ಪಿಡಿಎಫ್ ಇವೆ. ಇಷ್ಟೇ. ಆದರೆ ಅಪ್‌ಲೋಡ್‌ನಲ್ಲಿ ಏನೇನು ಕೆಡಬಹುದೋ ಅದೆಲ್ಲ ಇದರಲ್ಲೇ ಕೆಡುತ್ತದೆ.

ನಿಮ್ಮ ಹತ್ತಿರ ಇರಬೇಕಾದದ್ದು: ಪಿಎಚ್‌ಪಿ 8 (ಸರ್ವರ್‌ನಲ್ಲಿ ಓಡುವ ಕೋಡ್ ಬರೆಯುವ ಭಾಷೆ) ಇರುವ ಹೋಸ್ಟಿಂಗ್, ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಸೆಟ್ಟಿಂಗ್ ಬದಲಿಸುವ ಅನುಮತಿ. ಪೈಥಾನ್, ನೋಡ್ ಬಳಸುವವರಿಗೆ ಫಂಕ್ಷನ್ ಹೆಸರು ಬೇರೆಯಾಗುತ್ತದೆ, ಹಂತಗಳು ಬದಲಾಗುವುದಿಲ್ಲ. ಫಂಕ್ಷನ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಕೋಡ್‌ನಲ್ಲಿ ಪದಗಳ ನಡುವೆ ಹೆಚ್ಚಾಗಿ ಅಂಡರ್‌ಸ್ಕೋರ್ ಬರುತ್ತದೆ.

ಹಂತ 1: ಫಾರ್ಮ್ ಟ್ಯಾಗ್ ಸರಿಯಿದೆಯಾ ನೋಡಿ

ಮೆಥಡ್ 'ಪೋಸ್ಟ್' ಆಗಿರಬೇಕು. 'ಗೆಟ್' ಇಟ್ಟರೆ ತುಂಬಿದ್ದೆಲ್ಲ ವಿಳಾಸದ ಪಟ್ಟಿಗೆ ಬಂದು ಕೂರುತ್ತದೆ. ಬ್ರೌಸರ್ ಹಿಸ್ಟರಿಯಲ್ಲೂ ಸರ್ವರ್ ಲಾಗ್‌ನಲ್ಲೂ ಅರ್ಜಿದಾರರ ಮೊಬೈಲ್ ನಂಬರ್ ಉಳಿದುಹೋಗುತ್ತದೆ.

ಜೊತೆಗೆ 'ಎನ್‌ಕ್‌ಟೈಪ್' ಗುಣದಲ್ಲಿ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಎಂದು ಬರೆಯಲೇಬೇಕು. ಮಲ್ಟಿಪಾರ್ಟ್ ಅಂದರೆ ಒಂದೇ ಪೆಟ್ಟಿಗೆಯಲ್ಲಿ ನಡುನಡುವೆ ರಟ್ಟು ಇಟ್ಟು ಹಲವು ಸಾಮಾನು ಕಳಿಸಿದ ಹಾಗೆ. ಹೆಸರು ಒಂದು ಖಾನೆಯಲ್ಲಿ, ಫೋಟೊ ಇನ್ನೊಂದರಲ್ಲಿ. 1995ರಲ್ಲಿ ಆರ್‌ಎಫ್‌ಸಿ 1867 ಎಂಬ ದಾಖಲೆಯಲ್ಲಿ ಬಂದ ಈ ವಿಧಾನವೇ ಇವತ್ತಿಗೂ ನಡೆಯುತ್ತಿದೆ. ಇದನ್ನು ಮರೆತರೆ ಬ್ರೌಸರ್ ಫೈಲ್‌ನ ಹೆಸರನ್ನು ಮಾತ್ರ ಕಳಿಸುತ್ತದೆ, ಫೈಲ್ ಕಳಿಸುವುದಿಲ್ಲ. "ಫೈಲ್ ಬರೋದಿಲ್ಲ" ಅನ್ನುವವರಲ್ಲಿ ತುಂಬ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಎರಡನೇ ಸಾಮಾನ್ಯ ತಪ್ಪು: ಇನ್‌ಪುಟ್‌ಗೆ 'ಐಡಿ' ಕೊಟ್ಟು 'ನೇಮ್' ಕೊಡದೆ ಬಿಡುವುದು. ನೇಮ್ ಇಲ್ಲದ ಇನ್‌ಪುಟ್ ಸರ್ವರ್‌ಗೆ ಹೋಗುವುದೇ ಇಲ್ಲ.

'ರಿಕ್ವೈರ್ಡ್', 'ಆಕ್ಸೆಪ್ಟ್' ಗುಣಗಳನ್ನು ಹಾಕಿ, ತುಂಬುವವರಿಗೆ ಅನುಕೂಲ. ಆದರೆ ಅವು ಕಾವಲು ಕಾಯುತ್ತವೆ ಅಂದುಕೊಳ್ಳಬೇಡಿ. ಬ್ರೌಸರ್ ಇಲ್ಲದೆಯೇ, ಕರ್ಲ್ ಎಂಬ ಕಮಾಂಡ್‌ನಿಂದ ಯಾರು ಬೇಕಾದರೂ ನಿಮ್ಮ ಸರ್ವರ್‌ಗೆ ಏನನ್ನು ಬೇಕಾದರೂ ಕಳಿಸಬಹುದು. ಆದ್ದರಿಂದ ಕೆಳಗಿನ ಎಲ್ಲ ಪರೀಕ್ಷೆಯನ್ನೂ ಸರ್ವರ್‌ನಲ್ಲೇ ಮಾಡಬೇಕು.

ಹಂತ 2: ಮೂರು ಬಾಗಿಲುಗಳ ಅಳತೆ ಹೊಂದಿಸಿ

ಲ್ಯಾಪ್‌ಟಾಪ್‌ನಲ್ಲಿ ನಡೆದದ್ದು ಹೋಸ್ಟಿಂಗ್‌ನಲ್ಲಿ ನಡೆಯದೆ ಇರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಫೈಲ್ ಒಳಗೆ ಬರುವಷ್ಟರಲ್ಲಿ ಮೂರು ಬಾಗಿಲು ದಾಟಬೇಕು.

ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದ್ದರೆ 'ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್' ಮೊದಲ ಬಾಗಿಲು. ನಾವೇನೂ ಬದಲಿಸದಿದ್ದರೆ ಅದು ಬರೀ 1 ಎಂಬಿ. ಅದಕ್ಕಿಂತ ದೊಡ್ಡದು ಬಂದರೆ 413 ಎಂಬ ಎರರ್ ತೋರಿಸಿ ವಾಪಸ್ ಕಳಿಸುತ್ತದೆ, ಪಿಎಚ್‌ಪಿಗೆ ವಿಷಯವೇ ಗೊತ್ತಾಗುವುದಿಲ್ಲ. ಎರಡನೆಯದು ಪಿಎಚ್‌ಪಿಯ 'ಪೋಸ್ಟ್ ಮ್ಯಾಕ್ಸ್ ಸೈಜ್', ಮೊದಲೇ ಇರುವ ಮಿತಿ 8 ಎಂಬಿ. ಇದು ಇಡೀ ಫಾರ್ಮ್‌ನ ತೂಕ. ಮೂರನೆಯದು 'ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್', 2 ಎಂಬಿ. ಇದು ಒಂದೊಂದು ಫೈಲ್‌ನ ತೂಕ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಸುಲಭವಾಗಿ 3–5 ಎಂಬಿ ಇರುತ್ತದೆ. ಅಂದರೆ ಸೆಟ್ಟಿಂಗ್ ಮುಟ್ಟದ ಸರ್ವರ್‌ನಲ್ಲಿ ಬಹಳಷ್ಟು ಫೋಟೊ ಬೀಳುವುದು ಖಂಡಿತ.

ನಮ್ಮ ಅರ್ಜಿಗೆ ಫೈಲ್‌ಗೆ 5 ಎಂಬಿ ಸಾಕು. ಎರಡು ಫೈಲ್ ಸೇರಿ 10. ಹಾಗಾಗಿ ಪೋಸ್ಟ್ ಮಿತಿ 12 ಎಂಬಿ, ಎಂಜಿನ್‌ಎಕ್ಸ್ ಮಿತಿ 13 ಎಂಬಿ. ಹೊರಗಿನ ಬಾಗಿಲು ಒಳಗಿನದಕ್ಕಿಂತ ಸ್ವಲ್ಪ ದೊಡ್ಡದಿರಲಿ. ಸುಮ್ನೆ ಎಲ್ಲದಕ್ಕೂ 500 ಎಂಬಿ ಅಂತ ಬರೆದುಬಿಡಬೇಡಿ. ಡಿಸ್ಕ್ ತುಂಬಿಸಲು ನೀವೇ ಆಹ್ವಾನ ಕೊಟ್ಟ ಹಾಗೆ.

ಇಲ್ಲಿ ಎಡವುವ ಜಾಗಗಳು ಮೂರು.

ಸೆಟ್ಟಿಂಗ್ ಬದಲಿಸಿದ ಮೇಲೆ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸುವ ಸೇವೆ) ಮತ್ತು ಎಂಜಿನ್‌ಎಕ್ಸ್ ಎರಡನ್ನೂ ರೀಲೋಡ್ ಮಾಡಬೇಕು. ಶೇರ್ಡ್ ಹೋಸ್ಟಿಂಗ್‌ನಲ್ಲಿ 'ಯೂಸರ್ ಐಎನ್‌ಐ' ಫೈಲ್ ಬಳಸುತ್ತಿದ್ದರೆ ಪಿಎಚ್‌ಪಿ ಅದನ್ನು 300 ಸೆಕೆಂಡಿಗೊಮ್ಮೆ ಮಾತ್ರ ಓದುತ್ತದೆ. ಐದು ನಿಮಿಷ ಕಾಯದೆ "ಕೆಲಸ ಮಾಡ್ತಿಲ್ಲ" ಅಂತ ಮತ್ತೆಮತ್ತೆ ಬದಲಿಸುವವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಟರ್ಮಿನಲ್‌ನಲ್ಲಿ ಕಾಣುವ ಪಿಎಚ್‌ಪಿ ಸೆಟ್ಟಿಂಗ್ ಬೇರೆ, ವೆಬ್‌ಸೈಟ್ ಬಳಸುವುದು ಬೇರೆ. 'ಪಿಎಚ್‌ಪಿ ಇನ್ಫೊ' ಪುಟವನ್ನು ಬ್ರೌಸರ್‌ನಲ್ಲೇ ತೆರೆದು ನೋಡಿ. ನೋಡಿದ ಕೂಡಲೇ ಆ ಪುಟವನ್ನು ಅಳಿಸಿ, ಅದರಲ್ಲಿ ನಿಮ್ಮ ಸರ್ವರ್‌ನ ಜಾತಕವೇ ಇರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ತಲೆ ತಿನ್ನುವಂಥದ್ದು. ಪೋಸ್ಟ್ ಮಿತಿ ದಾಟಿದರೆ ಪಿಎಚ್‌ಪಿ ನಿಮ್ಮ ಕೋಡ್‌ಗೆ ಹೇಳದೆ ಕೇಳದೆ ಫಾರ್ಮ್‌ನ ಎಲ್ಲ ಮಾಹಿತಿಯನ್ನೂ ಖಾಲಿ ಮಾಡಿ ಕೊಡುತ್ತದೆ. ಹೆಸರೂ ಇಲ್ಲ, ಫೈಲೂ ಇಲ್ಲ. ನಿಮ್ಮ ಕೋಡ್ ಪಾಪ "ದಯವಿಟ್ಟು ಹೆಸರು ತುಂಬಿ" ಅನ್ನುತ್ತದೆ. ತುಂಬಿದವರಿಗೆ ಸಿಟ್ಟು ಬರದೆ ಇರುತ್ತಾ? ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನು ನೋಡಿ: ಬಂದದ್ದು ಪೋಸ್ಟ್ ವಿನಂತಿ, 'ಕಂಟೆಂಟ್ ಲೆಂತ್' (ಬಂದ ಮಾಹಿತಿಯ ಅಳತೆ) ಸೊನ್ನೆಗಿಂತ ಜಾಸ್ತಿ, ಆದರೆ ಪೋಸ್ಟ್ ಅರೇ (ಫಾರ್ಮ್‌ನ ಮಾಹಿತಿ ಸಿಗುವ ಪಟ್ಟಿ) ಖಾಲಿ. ಹಾಗಿದ್ದರೆ "ಫೈಲ್‌ಗಳು ತುಂಬ ದೊಡ್ಡವು, ಒಂದೊಂದೂ 5 ಎಂಬಿ ಒಳಗಿರಲಿ" ಎಂದು ಹೇಳಿ ನಿಲ್ಲಿಸಿ.

ಹಂತ 3: ಟೋಕನ್ ಹಾಕಿ, ಆದರೆ ಅವಸರ ಮಾಡಬೇಡಿ

ಬೇರೆ ಸೈಟ್ ಒಂದು ನಿಮ್ಮ ಬಳಕೆದಾರರ ಬ್ರೌಸರ್‌ನಿಂದಲೇ ಕಳ್ಳತನದಲ್ಲಿ ಫಾರ್ಮ್ ಕಳಿಸುವುದನ್ನು ಸಿಎಸ್‌ಆರ್‌ಎಫ್ ಅನ್ನುತ್ತಾರೆ. ಸೆಷನ್‌ನಲ್ಲಿ (ಒಬ್ಬೊಬ್ಬ ಬಳಕೆದಾರರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿ) ಊಹಿಸಲಾಗದ ಒಂದು ಟೋಕನ್ (ಗುಟ್ಟಿನ ಅಕ್ಷರಗಳ ಸಾಲು) ಇಟ್ಟು, ಅದನ್ನೇ ಫಾರ್ಮ್‌ನ ಹಿಡನ್ ಇನ್‌ಪುಟ್‌ನಲ್ಲಿ ಕೊಟ್ಟು, ವಾಪಸ್ ಬಂದಾಗ 'ಹ್ಯಾಶ್ ಈಕ್ವಲ್ಸ್' ಫಂಕ್ಷನ್‌ನಿಂದ ಹೋಲಿಸಿ.

ಪಿಎಚ್‌ಪಿ ಸೆಷನ್‌ನ ಆಯುಷ್ಯ ಬದಲಿಸದಿದ್ದರೆ 1440 ಸೆಕೆಂಡ್, ಅಂದರೆ 24 ನಿಮಿಷ. ಅರ್ಜಿ ತುಂಬುವವರು ನಡುವೆ ಎದ್ದು ಬೀರುವಿನಲ್ಲಿ ಮಾರ್ಕ್ಸ್ ಕಾರ್ಡ್ ಹುಡುಕಿ, ಸ್ಕ್ಯಾನ್ ಮಾಡಿಸಿ ಬರುವಷ್ಟರಲ್ಲಿ ಅದು ಮುಗಿದಿರಬಹುದು. ಟೋಕನ್ ತಾಳೆಯಾಗದಿದ್ದರೆ ಖಾಲಿ ಫಾರ್ಮ್ ಮುಖಕ್ಕೆ ಹಿಡಿಯಬೇಡಿ. ಬರೆದ ಅಕ್ಷರಗಳನ್ನೆಲ್ಲ ಉಳಿಸಿ, ಹೊಸ ಟೋಕನ್ ಹಾಕಿ, ಮತ್ತೆ ಒತ್ತಲು ಹೇಳಿ. ಫೈಲ್ ಮಾತ್ರ ಮತ್ತೆ ಆರಿಸಬೇಕಾಗುತ್ತದೆ. ಬ್ರೌಸರ್ ಅದನ್ನು ತಾನಾಗಿ ತುಂಬಲು ಬಿಡುವುದಿಲ್ಲ, ಅದನ್ನೂ ಹೇಳಿಬಿಡಿ.

ಹಂತ 4: ಹೆಸರು ಮತ್ತು ಮೊಬೈಲ್ ನಂಬರ್

ಸುಲಭ ಅನ್ನಿಸುತ್ತೆ, ಅಲ್ವಾ? ಕನ್ನಡದಲ್ಲಿ ತುಂಬಲು ಬಿಟ್ಟಾಗ ಅತಿ ಹೆಚ್ಚು ಅರ್ಜಿ ಬೀಳುವುದು ಇಲ್ಲೇ.

ಇಂಗ್ಲಿಷ್ ಪಾಠಗಳಿಂದ ನಕಲು ಮಾಡಿದ ಪರೀಕ್ಷೆಗಳು "ಅಕ್ಷರ ಮಾತ್ರ ಇರಲಿ" ಎಂದು ನೋಡುತ್ತವೆ. ಯೂನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗೂ ನಂಬರ್ ಕೊಡುವ ಪದ್ಧತಿ) ಲೆಕ್ಕದಲ್ಲಿ 'ಗಿ'ಯಲ್ಲಿ 'ಗ' ಮಾತ್ರ ಅಕ್ಷರ, ಗುಡಿಸು ಬೇರೆ ವರ್ಗದ ಚಿಹ್ನೆ. ಹಾಗಾಗಿ ಅಕ್ಷರಗಳ ವರ್ಗವನ್ನಷ್ಟೇ ಒಪ್ಪುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಬರಹದ ಮಾದರಿ ಹೋಲಿಸುವ ಸೂತ್ರ) 'ಕಮಲ'ಳನ್ನು ಒಳಗೆ ಬಿಟ್ಟು 'ಗಿರಿಜಾ'ಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಕ್ಷರದ ವರ್ಗದ ಜೊತೆ ಚಿಹ್ನೆಯ ವರ್ಗವನ್ನೂ ಸೇರಿಸಿ. ಅಷ್ಟು ಮಾಡಿದರೂ 'ರಾಜ್‌ಕುಮಾರ್' ಸಿಕ್ಕಿಹಾಕಿಕೊಳ್ಳುತ್ತಾರೆ. 'ಜ್' ಮತ್ತು 'ಕು' ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಅದು ಎರಡೂ ವರ್ಗಕ್ಕೆ ಸೇರಿದ್ದಲ್ಲ. ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು. ಅದನ್ನೂ, ಚುಕ್ಕಿ ಮತ್ತು ಸ್ಪೇಸನ್ನೂ ಒಪ್ಪಬೇಕು. ಇನಿಶಿಯಲ್ ಇಲ್ಲದ ಹೆಸರು ನಮ್ಮಲ್ಲಿ ಕಡಿಮೆ.

ಉದ್ದದ ಲೆಕ್ಕವೂ ಹೀಗೇ. ಒಂದೊಂದು ಕನ್ನಡ ಚಿಹ್ನೆಗೂ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 3 ಬೈಟ್ ಬೇಕು. 'ವೆಂಕಟಸುಬ್ಬಯ್ಯ' ಅನ್ನುವ ಹೆಸರಿನಲ್ಲಿ 13 ಚಿಹ್ನೆ, 39 ಬೈಟ್. 'ಎಸ್‌ಟಿಆರ್‌ಲೆನ್' ಫಂಕ್ಷನ್ ಎಣಿಸುವುದು ಬೈಟ್‌ಗಳನ್ನು. ಮಿತಿ 30 ಎಂದು ಅದರಿಂದ ಅಳೆದರೆ ಅವರ ಅರ್ಜಿ ಬೀಳುತ್ತದೆ. 'ಎಂಬಿ' (ಇಲ್ಲಿ ಮೆಗಾಬೈಟ್ ಅಲ್ಲ, ಮಲ್ಟಿಬೈಟ್) ಎಂದು ಶುರುವಾಗುವ ಫಂಕ್ಷನ್‌ಗಳನ್ನು ಬಳಸಿ, ಮಿತಿಯನ್ನು 100ಕ್ಕೆ ಇಡಿ. ಬೈಟ್ ಲೆಕ್ಕದಲ್ಲಿ ಹೆಸರನ್ನು ಕತ್ತರಿಸಿದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಬರುತ್ತದೆ, ಬಹಳ ಸೈಟ್‌ಗಳಲ್ಲಿ ನೋಡಿರುತ್ತೀರಿ.

ಇನ್ನೊಂದು ಸೂಕ್ಷ್ಮ. 'ೋ', 'ೀ', 'ೇ' ಮುಂತಾದವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಉಳಿಸುವ ಮೊದಲು 'ನಾರ್ಮಲೈಜರ್' ಕ್ಲಾಸ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಚಿಹ್ನೆಯಾಗಿ ಬರೆದ ರೂಪಕ್ಕೆ, ತನ್ನಿ. ಡೇಟಾಬೇಸ್ ಟೇಬಲ್‌ನ ಅಕ್ಷರಗಳ ಸೆಟ್ಟಿಂಗ್ 'ಯುಟಿಎಫ್8ಎಂಬಿ4' ಇರಲಿ.

ಮೊದಲ ಹೆಸರು, ಸರ್‌ನೇಮ್ ಎಂದು ಎರಡು ಖಾನೆ ಮಾಡಿ ಎರಡನ್ನೂ ಕಡ್ಡಾಯ ಮಾಡಬೇಡಿ. ಸರ್‌ನೇಮ್ ಇಲ್ಲದವರು ಅಲ್ಲಿ ಚುಕ್ಕಿ ಒತ್ತುತ್ತಾರೆ, ನಿಮ್ಮ ಪಟ್ಟಿಯ ತುಂಬ ಚುಕ್ಕಿಗಳೇ ಇರುತ್ತವೆ. 'ಪೂರ್ತಿ ಹೆಸರು' ಅನ್ನುವ ಒಂದು ಖಾನೆ ಸಾಕು.

ಮೊಬೈಲ್ ನಂಬರ್: ಸ್ಪೇಸ್, ಹೈಫನ್, ಮುಂದಿನ ಪ್ಲಸ್ 91 ಅಥವಾ ಸೊನ್ನೆ ತೆಗೆಯಿರಿ. ಕೆಲವರು ಕನ್ನಡ ಅಂಕಿಯಲ್ಲೇ ೯೮ ಎಂದು ಬರೆಯುತ್ತಾರೆ, ಅದನ್ನು 98 ಮಾಡಿಕೊಳ್ಳಿ. ಆಮೇಲೆ 10 ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಡೇಟಾಬೇಸ್‌ನಲ್ಲಿ ಇದನ್ನು ಅಕ್ಷರಗಳ ಕಾಲಂನಲ್ಲೇ ಇಡಿ, 'ಇಂಟ್' ಕಾಲಂನಲ್ಲಿ ಬೇಡ. ಇಂಟ್‌ನ ಗರಿಷ್ಠ ಬೆಲೆ 2147483647. ನಮ್ಮ ಯಾವ ಮೊಬೈಲ್ ನಂಬರೂ ಅದರಲ್ಲಿ ಹಿಡಿಯುವುದಿಲ್ಲ. ಸ್ಟ್ರಿಕ್ಟ್ ಮೋಡ್ (ಹಿಡಿಯದ ಬೆಲೆಯನ್ನು ಒಪ್ಪದ ಸೆಟ್ಟಿಂಗ್) ಇಲ್ಲದ ಹಳೆಯ ಮೈಎಸ್‌ಕ್ಯೂಎಲ್ ಎಲ್ಲರಿಗೂ ಇದೇ ನಂಬರ್ ಬರೆದಿಡುತ್ತದೆ. "ಎಲ್ಲ ಅರ್ಜಿದಾರರ ನಂಬರೂ ಒಂದೇ ಬಂದಿದೆ ಸಾರ್" ಎಂದು ಕೇಳಿದವರಿಗೆ ಉತ್ತರ ಇದು.

ಹಂತ 5: ಎರರ್ ನಂಬರ್ ಓದಿ

ಪ್ರತಿ ಫೈಲ್ ಜೊತೆ ಪಿಎಚ್‌ಪಿ ಒಂದು ಎರರ್ ನಂಬರ್ ಕೊಡುತ್ತದೆ. 0 ಅಂದರೆ ಕ್ಷೇಮವಾಗಿ ಬಂದಿದೆ. 1 ಅಂದರೆ ಸರ್ವರ್ ಮಿತಿ ಮೀರಿದೆ, 3 ಅಂದರೆ ಅರ್ಧಕ್ಕೇ ನಿಂತಿದೆ, 4 ಅಂದರೆ ಫೈಲ್ ಆರಿಸಿಯೇ ಇಲ್ಲ. 6 ಮತ್ತು 7 ನಿಮ್ಮ ತಪ್ಪು: ತಾತ್ಕಾಲಿಕ ಫೋಲ್ಡರ್ ಇಲ್ಲ, ಅಥವಾ ಡಿಸ್ಕ್‌ಗೆ ಬರೆಯಲು ಆಗಲಿಲ್ಲ. ಅರ್ಜಿದಾರರಿಗೆ "ಮತ್ತೆ ಪ್ರಯತ್ನಿಸಿ" ಎಂದು ಹೇಳಿ ಪ್ರಯೋಜನವಿಲ್ಲ, ನಿಮಗೇ ಒಂದು ಮೇಲ್ ಬರುವ ಹಾಗೆ ಮಾಡಿಕೊಳ್ಳಿ.

ಬಂದ ಫೈಲ್ ಮೊದಲು ತಾತ್ಕಾಲಿಕ ಫೋಲ್ಡರ್‌ನಲ್ಲಿ ಕೂರುತ್ತದೆ. ಅದನ್ನು ಬೇರೆಡೆಗೆ ಸಾಗಿಸದೆ ನಿಮ್ಮ ಸ್ಕ್ರಿಪ್ಟ್ ಮುಗಿದರೆ ಪಿಎಚ್‌ಪಿ ಅಳಿಸಿಹಾಕುತ್ತದೆ. "ಅಪ್‌ಲೋಡ್ ಆದದ್ದು ಮಾಯ" ಅನ್ನುವುದರ ಗುಟ್ಟು ಇಷ್ಟೇ.

ಹಂತ 6: ಫೈಲ್ ನಿಜಕ್ಕೂ ಏನು?

ಫೈಲ್ ಜೊತೆ ಬರುವ 'ಟೈಪ್' ಮಾಹಿತಿಯನ್ನು ನಂಬಬೇಡಿ, ಅದನ್ನು ಬರೆದು ಕಳಿಸಿದ್ದು ಎದುರಿನವರು. ಹೆಸರಿನ ಬಾಲವನ್ನೂ (ಕೊನೆಯ ಚುಕ್ಕಿಯ ನಂತರದ ಭಾಗ) ನಂಬಬೇಡಿ. 'ಎಫ್ ಇನ್ಫೊ' ಬಳಸಿದರೆ ಫೈಲ್‌ನ ಮೊದಲ ಬೈಟ್‌ಗಳನ್ನು ನೋಡಿ ಜಾತಿ ಹೇಳುತ್ತದೆ. ಜೆಪೆಗ್ ಆದರೆ ಮೊದಲ ಮೂರು ಬೈಟ್ 255, 216, 255. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಹಿಂದೆಯೇ ಪಿ, ಡಿ, ಎಫ್. ನಮ್ಮ ಅರ್ಜಿಗೆ ಫೋಟೊ ಖಾನೆಯಲ್ಲಿ ಜೆಪೆಗ್ ಮತ್ತು ಪಿಎನ್‌ಜಿ, ಮಾರ್ಕ್ಸ್ ಕಾರ್ಡ್ ಖಾನೆಯಲ್ಲಿ ಪಿಡಿಎಫ್. ಮಿಕ್ಕಿದ್ದೆಲ್ಲ ಹೊರಗೆ. "ಇಂಥದ್ದು ಬೇಡ" ಎಂಬ ಪಟ್ಟಿ ಮಾಡಲು ಹೋಗಬೇಡಿ, ಅದಕ್ಕೆ ಕೊನೆಯಿಲ್ಲ.

ಎಸ್‌ವಿಜಿ ಚಿತ್ರ ಅನ್ನಿಸಿದರೂ ಅದರೊಳಗೆ ಜಾವಾಸ್ಕ್ರಿಪ್ಟ್ ಕೂರಿಸಬಹುದು, ಬೇಡ. 2017ರ ಐಒಎಸ್ 11ರಿಂದ ಐಫೋನ್‌ಗಳು ಎಚ್‌ಇಐಸಿ ಎಂಬ ರೂಪದಲ್ಲಿ ಫೋಟೊ ಉಳಿಸುತ್ತವೆ. ಅದು ಬಂದರೆ "ತಪ್ಪು ಫೈಲ್" ಎಂದು ಗದರದೆ "ಜೆಪೆಗ್ ಮಾಡಿ ಕಳಿಸಿ" ಎಂದು ಹೇಳಿ.

ಬೈಟ್ ಸರಿಯಿದ್ದರೆ ಮುಗಿಯಿತೇ? ಇಲ್ಲ. ಸರಿಯಾದ ಜೆಪೆಗ್‌ನ ಒಳಗಿನ ಟಿಪ್ಪಣಿ ಜಾಗದಲ್ಲಿ ಪಿಎಚ್‌ಪಿ ಕೋಡ್ ಅಡಗಿಸಿಡಲು ಬರುತ್ತದೆ. ಆದ್ದರಿಂದ ಫೋಟೊವನ್ನು ಜಿಡಿ ಎಂಬ ಚಿತ್ರಗಳ ಲೈಬ್ರರಿಯಿಂದ ತೆರೆದು, ಚಿಕ್ಕದು ಮಾಡಿ, ಹೊಸ ಜೆಪೆಗ್ ಆಗಿ ಬರೆಯಿರಿ. ಹಳೆಯ ಫೈಲ್ ಬಿಸಾಡಿ. ಇದರಿಂದ ಇನ್ನೊಂದು ಲಾಭ ಇದೆ. ಫೋನ್ ಫೋಟೊದಲ್ಲಿ ಮನೆಯ ಜಿಪಿಎಸ್ ಗುರುತು ಅಡಗಿದ್ದರೆ ಅದೂ ಹೋಗುತ್ತದೆ. ಒಂದು ನಷ್ಟವೂ ಇದೆ: ಫೋಟೊ ಯಾವ ಕಡೆ ತಿರುಗಿರಬೇಕು ಎಂಬ ಮಾಹಿತಿಯೂ ಅದರ ಜೊತೆ ಹೋಗುತ್ತದೆ. ಮೊದಲು 'ಎಕ್ಸಿಫ್ ರೀಡ್ ಡೇಟಾ'ದಿಂದ ಅದನ್ನು ಓದಿ ಚಿತ್ರ ತಿರುಗಿಸಿ, ಆಮೇಲೆ ಬರೆಯಿರಿ. ಇಲ್ಲದಿದ್ದರೆ ಅರ್ಧ ಅರ್ಜಿದಾರರು ಮಲಗಿಕೊಂಡ ಹಾಗೆ ಕಾಣುತ್ತಾರೆ.

ತೆರೆಯುವ ಮೊದಲು 'ಗೆಟ್ ಇಮೇಜ್ ಸೈಜ್'ನಿಂದ ಅಗಲ, ಎತ್ತರ ಕೇಳಿ. ಒಂದೇ ಬಣ್ಣದ 12000 × 12000 ಪಿಕ್ಸೆಲ್ ಚಿತ್ರ ಫೈಲ್ ಆಗಿ ತೀರಾ ಚಿಕ್ಕದಿರಬಹುದು. ಬಿಚ್ಚಿದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 576 ಎಂಬಿ ರ‍್ಯಾಮ್ ನುಂಗುತ್ತದೆ. ಅಂಥ ನಾಲ್ಕು ಬಂದರೆ ಸಣ್ಣ ಸರ್ವರ್ ಅಂಗಾತ. 25 ಮೆಗಾಪಿಕ್ಸೆಲ್ ದಾಟಿದರೆ ಬೇಡ ಅನ್ನಿ.

ಪಿಡಿಎಫ್ ಅನ್ನು ಹೀಗೆ ಹೊಸದಾಗಿ ಬರೆಯುವುದು ಕಷ್ಟ. ಕ್ಲ್ಯಾಮ್‌ಎವಿ ಎಂಬ ಉಚಿತ ವೈರಸ್ ತಪಾಸಕ ಹಾಕಬಹುದು. ಆದರೆ ಅದಕ್ಕೆ ರ‍್ಯಾಮ್ ಜಾಸ್ತಿ ಬೇಕು. 1 ಜಿಬಿಯ ಸರ್ವರ್‌ನಲ್ಲಿ ಅದು ಏದುಸಿರು ಬಿಡುತ್ತದೆ. ಹಾಕಲು ಆಗದಿದ್ದರೆ ಹಂತ 9ನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಿ.

ಹಂತ 7: ಎಲ್ಲಿ, ಯಾವ ಹೆಸರಲ್ಲಿ ಇಡುವುದು

ವೆಬ್‌ಸೈಟ್‌ನ ಫೋಲ್ಡರ್‌ನ ಹೊರಗೆ ಇಡಿ. 'ಪಬ್ಲಿಕ್ ಎಚ್‌ಟಿಎಂಎಲ್' ಒಳಗೆ 'ಅಪ್‌ಲೋಡ್ಸ್' ಮಾಡಬೇಡಿ. ವಿಳಾಸ ಊಹಿಸಿದವರಿಗೆಲ್ಲ ಮಕ್ಕಳ ಮಾರ್ಕ್ಸ್ ಕಾರ್ಡ್ ಸಿಗುತ್ತದೆ. ಯಾರಾದರೂ ಪಿಎಚ್‌ಪಿ ಫೈಲ್ ನುಸುಳಿಸಿದರೆ ಅದು ಓಡಿಯೂ ಬಿಡುತ್ತದೆ. 'ಎಚ್‌ಟಿ ಆಕ್ಸೆಸ್' ಫೈಲ್‌ನಲ್ಲಿ ತಡೆ ಹಾಕಿದ್ದೇನೆ ಅನ್ನುವವರಿಗೆ ಒಂದು ಮಾತು: ಅದನ್ನು ಓದುವುದು ಅಪಾಚೆ. ಎಂಜಿನ್‌ಎಕ್ಸ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಹೆಸರನ್ನು ನೀವೇ ಕೊಡಿ. 'ರ‍್ಯಾಂಡಮ್ ಬೈಟ್ಸ್'ನಿಂದ 16 ಬೈಟ್ ತೆಗೆದು ಹೆಕ್ಸ್ ಮಾಡಿದರೆ 32 ಅಕ್ಷರದ ಹೆಸರು ಬರುತ್ತದೆ. ಬಾಲವನ್ನು ಹಂತ 6ರಲ್ಲಿ ಗೊತ್ತಾದ ಜಾತಿಯ ಪ್ರಕಾರ ನೀವೇ ಸೇರಿಸಿ. ಬಳಕೆದಾರರು ಕೊಟ್ಟ ಹೆಸರನ್ನು ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳಿ, ತೋರಿಸುವುದಕ್ಕೆ ಮಾತ್ರ. ಇಬ್ಬರು 'ಫೋಟೊ 1' ಎಂದು ಕಳಿಸಿದಾಗ ಒಂದರ ಮೇಲೊಂದು ಬೀಳುವ ತೊಂದರೆಯೂ ತಪ್ಪುತ್ತದೆ. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದಲ್ಲಿ 85 ಚಿಹ್ನೆ. ಉದ್ದುದ್ದ ಹೆಸರಿಟ್ಟ ಪಿಡಿಎಫ್‌ಗಳು ಆ ಮಿತಿಯನ್ನು ಸುಲಭವಾಗಿ ಮುಟ್ಟುತ್ತವೆ.

ಪಿಡಿಎಫ್ ಸಾಗಿಸಲು 'ಮೂವ್ ಅಪ್‌ಲೋಡೆಡ್ ಫೈಲ್' ಫಂಕ್ಷನ್ನನ್ನೇ ಬಳಸಿ, ನಿಜವಾಗಿ ಅಪ್‌ಲೋಡ್ ಆದದ್ದೋ ಎಂದು ಅದು ತಾನೇ ನೋಡುತ್ತದೆ. "ಪರ್ಮಿಷನ್ ಡಿನೈಡ್" ಬಂದರೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಬೇಡಿ. ಪಿಎಚ್‌ಪಿ ಯಾವ ಬಳಕೆದಾರನ ಹೆಸರಲ್ಲಿ ಓಡುತ್ತಿದೆ ನೋಡಿ, ಫೋಲ್ಡರನ್ನು ಅವನ ಹೆಸರಿಗೆ ಮಾಡಿ, 750 (ಅವನಿಗೆ ಪೂರ್ತಿ ಅನುಮತಿ, ಹೊರಗಿನವರಿಗೆ ಏನೂ ಇಲ್ಲ) ಕೊಡಿ.

ಹಂತ 8: ಡೇಟಾಬೇಸ್, ಆಮೇಲೆ ರೀಡೈರೆಕ್ಟ್

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಅಂದರೆ ಪ್ರಶ್ನೆಯ ವಾಕ್ಯ ಬೇರೆ, ತುಂಬುವ ಮಾಹಿತಿ ಬೇರೆ ಕಳಿಸುವ ಕ್ರಮ. ಬಂದ ಹೆಸರನ್ನು ವಾಕ್ಯದೊಳಗೆ ಅಂಟಿಸಬೇಡಿ. ಎಚ್‌ಟಿಎಂಎಲ್ ಎಸ್ಕೇಪ್ ಮಾಡುವುದು (ಟ್ಯಾಗ್ ಚಿಹ್ನೆಗಳು ಬರೀ ಅಕ್ಷರವಾಗಿ ಕಾಣುವಂತೆ ಬದಲಿಸುವುದು) ಉಳಿಸುವಾಗ ಬೇಡ, ಪುಟದಲ್ಲಿ ತೋರಿಸುವಾಗ ಮಾಡಿ. ಫೈಲ್ ಇಟ್ಟ ಮೇಲೆ ಡೇಟಾಬೇಸ್ ಸಾಲು ಬೀಳದೆ ಹೋದರೆ ಆ ಫೈಲ್ ಅಳಿಸಿ, ಇಲ್ಲದಿದ್ದರೆ ಅನಾಥ ಫೈಲ್‌ಗಳು ಸೇರುತ್ತಾ ಹೋಗುತ್ತವೆ.

ಎಲ್ಲ ಆದ ಮೇಲೆ "ಧನ್ಯವಾದ" ಎಂದು ಅಲ್ಲೇ ಮುದ್ರಿಸಬೇಡಿ. 303 ಉತ್ತರ ಕೊಟ್ಟು ಬೇರೆ ಪುಟಕ್ಕೆ ಕಳಿಸಿ. ಆಗ ರಿಫ್ರೆಶ್ ಒತ್ತಿದರೆ ಎರಡನೇ ಅರ್ಜಿ ಬೀಳುವುದಿಲ್ಲ. ಆ ಪುಟದಲ್ಲಿ ಅರ್ಜಿ ಸಂಖ್ಯೆ ತೋರಿಸಿ. ವಿಳಾಸದಲ್ಲಿ 41 ಇದ್ದದ್ದನ್ನು 42 ಮಾಡಿದರೆ ಪಕ್ಕದವರ ಅರ್ಜಿ ತೆರೆಯುವ ಹಾಗಿರಬಾರದು.

ಮೇಲ್ ಕಳಿಸುವುದಿದ್ದರೆ 'ಫ್ರಮ್'ನಲ್ಲಿ ನಿಮ್ಮ ಡೊಮೇನ್ ವಿಳಾಸ, 'ರಿಪ್ಲೈ ಟು'ನಲ್ಲಿ ಅರ್ಜಿದಾರರದ್ದು. ಉಲ್ಟಾ ಮಾಡಿದರೆ ನಿಮ್ಮ ಮೇಲ್ ಸ್ಪ್ಯಾಮ್ ಸೇರುತ್ತದೆ.

ಹಂತ 9: ಫೈಲ್ ತೋರಿಸುವಾಗ

ಸಂಘದವರು ಫೈಲ್ ನೋಡಬೇಕಲ್ಲ? ಅದಕ್ಕೊಂದು ಸಣ್ಣ ಸ್ಕ್ರಿಪ್ಟ್. ಮೊದಲು ಲಾಗಿನ್ ಆಗಿದ್ದಾರಾ, ಈ ಫೈಲ್ ನೋಡುವ ಹಕ್ಕು ಅವರಿಗಿದೆಯಾ ನೋಡಬೇಕು. ಆಮೇಲೆ ಸರಿಯಾದ 'ಕಂಟೆಂಟ್ ಟೈಪ್', ತೆರೆಯುವ ಬದಲು ಡೌನ್‌ಲೋಡ್ ಆಗುವಂತೆ 'ಕಂಟೆಂಟ್ ಡಿಸ್ಪೊಸಿಷನ್ ಅಟ್ಯಾಚ್‌ಮೆಂಟ್', ಬ್ರೌಸರ್ ತಾನೇ ಜಾತಿ ಊಹಿಸದಂತೆ 'ನೋಸ್ನಿಫ್'. ಈ ಮೂರು ಹೆಡರ್ (ಫೈಲ್‌ಗಿಂತ ಮೊದಲು ಬ್ರೌಸರ್‌ಗೆ ಹೋಗುವ ಸೂಚನೆ) ಕಳಿಸಿ ಫೈಲ್ ಕೊಡಿ.

ಆಧಾರ್ ಪ್ರತಿ ಕೇಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಬೇಕೇಬೇಕಾ ಎಂದು ಸಂಘದವರನ್ನು ಒಮ್ಮೆ ಕೇಳಿ. ಬೇಕಾದರೂ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗಬಹುದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂದಿದೆ. ಆಯ್ಕೆ ಮುಗಿದ ಮೇಲೆ ಫೈಲ್‌ಗಳನ್ನು ತಾನಾಗಿ ಅಳಿಸುವ ಒಂದು ಕ್ರಾನ್ ಕೆಲಸ ಇಡಿ, ಅಂದರೆ ನಿಗದಿತ ಹೊತ್ತಿಗೆ ಸರ್ವರ್ ತಾನೇ ಓಡಿಸುವ ಸ್ಕ್ರಿಪ್ಟ್. ಬ್ಯಾಕಪ್‌ನಲ್ಲಿರುವ ಪ್ರತಿಗಳನ್ನು ಮರೆಯಬೇಡಿ.

ಹಂತ 10: ನೀವೇ ಕೆಡಿಸಿ ನೋಡಿ

ಲಿಂಕ್ ಹಂಚುವ ಮೊದಲು ಒಂದು ಗಂಟೆ ಇದಕ್ಕೆ ಕೊಡಿ. 0 ಬೈಟ್ ಫೈಲ್ ಕಳಿಸಿ. 15 ಎಂಬಿ ಫೋಟೊ ಕಳಿಸಿ. ಪಿಎಚ್‌ಪಿ ಫೈಲ್‌ಗೆ ಜೆಪೆಗ್ ಬಾಲ ಹಚ್ಚಿ ಕಳಿಸಿ. ಫೋನನ್ನು ಅಡ್ಡ ಹಿಡಿದು ಫೋಟೊ ತೆಗೆದು ಕಳಿಸಿ. ಹೆಸರಿನ ಖಾನೆಯಲ್ಲಿ 'ಎಂ. ಆರ್. ಗಿರಿಜಾ' ಎಂದೂ 'ರಾಜ್‌ಕುಮಾರ್' ಎಂದೂ ಬರೆಯಿರಿ. ಸಬ್ಮಿಟ್ ಬಟನ್ ಮೇಲೆ ಟಪಟಪ ಎರಡು ಸಲ ಒತ್ತಿ, ಅರ್ಧ ಅಪ್‌ಲೋಡ್ ಆದಾಗ ಫೋನಿನ ಡೇಟಾ ಬಂದ್ ಮಾಡಿ.

ಕೊನೆಗೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ ನೋಡಿ. 256 ಕೆಬಿಪಿಎಸ್‌ನಲ್ಲಿ 5 ಎಂಬಿ ಹೋಗಲು ಎರಡೂವರೆ ನಿಮಿಷ ಹಿಡಿಯುತ್ತದೆ. ಎಂಜಿನ್‌ಎಕ್ಸ್‌ನ 60 ಸೆಕೆಂಡ್ ಮಿತಿ ಎರಡು ಓದುಗಳ ನಡುವಿನ ಅಂತರಕ್ಕೆ ಮಾತ್ರ, ಹಾಗಾಗಿ ನಿಧಾನವಾದರೂ ಫೈಲ್ ಹೋಗುತ್ತಿದ್ದರೆ ಅದು ಕಡಿಯುವುದಿಲ್ಲ. ಆದರೆ ಅಷ್ಟು ಹೊತ್ತು ಪರದೆ ಸುಮ್ಮನಿದ್ದರೆ ಜನ ಪುಟ ಮುಚ್ಚುತ್ತಾರೆ. ಬಟನ್ ಒತ್ತಿದ ಕೂಡಲೇ ಅದನ್ನು ಮಂಕು ಮಾಡಿ, ಪಕ್ಕದಲ್ಲಿ "ಫೈಲ್ ಹೋಗ್ತಾ ಇದೆ, ಪುಟ ಮುಚ್ಚಬೇಡಿ" ಎಂದು ಕನ್ನಡದಲ್ಲೇ ಬರೆಯಿರಿ.